ಕಡೆಗಾಲು

೩೦ ಫೆಬ್ರವರಿ ೨೧೯೧. ಕೆಂಗುಡ್ಡ ನಗರ. ಓಟದ ಮುನ್ನಾದಿನ.

ಮೊದಲ ಓಟ ಏರ್ಪಡಿಸಿದವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇರಲಿಲ್ಲ. ನಮ್ಮ ಕೆಲವು ಪದಗಳೂ ನಿಮಗೆ ಹೊಸವು. ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ.

ಮಕ್ಕಳ ದುಡಿಮೆಯ ವಿರುದ್ಧ ನೀವು ಆರಂಭಿಸಿದ ರಿಲೇ ಓಟ ಇನ್ನೂ ನಡೆಯುತ್ತಿದೆ. ಓಡುವುದು ತಂಪುಹೊತ್ತಿನಲ್ಲಿ; ಬಿಸಿಲೇರುವ ಮುಂಚೆ ಬೀದಿಗಿಳಿಯಲು ಅನುಮತಿ ಇರುವ ಸಮಯಕ್ಕೆ ಆ ಹೆಸರು. ಪ್ರತಿ ತಂಡದಲ್ಲೂ ಮೂವರು ದೊಡ್ಡವರು, ಕೊನೆಗೆ ಒಂದು ಮಗು. ದುಡಿಮೆಯಿಂದ ಬಿಡಿಸಿ ತಂದ ಮಗುವೇ ಕೊನೆಯ ಸುತ್ತು ಓಡಿ ಗೆರೆ ದಾಟಬೇಕೆಂಬುದು ನಿಮ್ಮ ನಿಯಮ. ಅಂಥ ಮಗುವನ್ನು ನಾವು ಕಡೆಗಾಲು ಎನ್ನುತ್ತೇವೆ. ಅದು ಗೆರೆ ದಾಟುವುದನ್ನು ನೋಡಿ ನಿಮ್ಮ ಕಣ್ಣು ತುಂಬಿರಬೇಕು. ವರ್ಷವರ್ಷವೂ ಅಷ್ಟು ಮಕ್ಕಳು ಎಲ್ಲಿಂದ ಬರಬೇಕೆಂದು ನೀವು ಯೋಚಿಸಲಿಲ್ಲ.

ಈಗ ಮೇಸ್ತ್ರಿಗಳು ತರುತ್ತಾರೆ. ಓಟದ ಹಂಗಾಮಿನಲ್ಲಿ, ದುಡಿಮೆಯಿಂದ ಬಿಡಿಸಿದವರೆಂದು ತೋರಿಸಲು, ಹಳ್ಳಿಯ ಮಕ್ಕಳನ್ನು ಶಾಲೆ ಬಿಡಿಸಿ, ಶೆಡ್ಡಿನಲ್ಲಿಟ್ಟು ಓಡುವುದನ್ನು ಕಲಿಸುತ್ತಾರೆ. ಒಂದು ಊರಿನ ಓಟ ಮುಗಿದರೆ ಮುಂದಿನ ಊರು. ನಮ್ಮ ತಂಡದ ಪಾಲಿಗೆ ಬಂದವಳು ಹೊನ್ನೂರಿ, ಒಂಬತ್ತು ವರ್ಷದವಳು. ಅವಳ ಎಡ ಹಿಮ್ಮಡಿ ಒಡೆದು ಕೀವಾಗಿದೆ. ಇವತ್ತು ತಾಲೀಮಿನ ನಡುವೆ ಅವಳು ಅಳುತ್ತ ಕೂತಳು. ತಂಡದ ಮುಖ್ಯಸ್ಥ ಸುಬೋಧ, ಒಳ್ಳೆಯ ಮನುಷ್ಯನೆಂದೇ ಹೆಸರಾದವನು, ಅವಳ ಬೆನ್ನು ಸವರಿದ.

"ಅಳಬ್ಯಾಡ ಅನ್ನಂಗಿಲ್ಲ ನಮ್ಮವ್ವ. ನಾಳೆ ಗೆರಿ ದಾಟಿದ ಮ್ಯಾಲೆ ಅಳು, ಎಲ್ಲಾರೂ ನೋಡ್ತಾರ."

"ಹ್ವಾದ ಊರಾಗೂ ಅತ್ತಿದ್ನಲ್ಲ ಮಾವ," ಎಂದಳು ಹೊನ್ನೂರಿ. "ನೋಡಿದ್ರು. ಚಪ್ಪಾಳಿ ಹೊಡದ್ರು. ಆಮ್ಯಾಕ ಇಲ್ಲಿಗೆ ಕರ್ಕಂಬಂದ್ರು."

ತಂಡದವರು ನಕ್ಕರು, ಹುಡುಗಿ ಚುರುಕಾಗಿದ್ದಾಳೆ ಎಂದರು.

ನಿಮ್ಮ ಸದುದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ, ಗೌರವವೂ ಇಲ್ಲ. ಬಿಡಿಸಿದ ಮಗುವನ್ನು ಅದರ ಮನೆಗೆ ಕಳಿಸಿ ಸುಮ್ಮನಿರಲು ನಿಮ್ಮಿಂದ ಆಗಲಿಲ್ಲ. ಅದನ್ನು ಊರಿಗೆಲ್ಲ ತೋರಿಸಬೇಕಾಗಿತ್ತು. ನೀವು ತೋರಿಸಲು ಕಲಿಸಿದಿರಿ, ನಿಮ್ಮ ನಂತರದವರು ಒದಗಿಸಲು ಕಲಿತರು.

ರಿಲೇಯ ಕೋಲು ಕೈ ಬದಲಾಗದಿದ್ದರೆ ತಂಡ ನಿಲ್ಲಬೇಕು, ಏಕೆ ನಿಂತಿತೆಂದು ಸೇರಿದ ಜನರೆದುರು ಹೇಳಬೇಕು. ಅದೂ ನಿಮ್ಮದೇ ನಿಯಮ; ಇದುವರೆಗೆ ಯಾರಿಗೂ ಬೇಕಾಗಿರಲಿಲ್ಲ. ಮೂರನೆಯ ಸುತ್ತು ನನ್ನದು. ನಾಳೆ ಹೊನ್ನೂರಿ ಕೈ ಚಾಚಿ ನಿಂತಿರುತ್ತಾಳೆ. ನಾನು ಕೋಲು ಕೊಡುವುದಿಲ್ಲ. ಏಕೆಂದು ಜನರಿಗೆ ಹೇಳಿ, ಅವಳನ್ನು ಬೆನ್ನ ಮೇಲೆ ಹೊತ್ತು, ಗೆರೆಯ ಕಡೆಗಲ್ಲ, ಅವಳ ಊರಿನ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತೇನೆ. ಸುಬೋಧನಿಗೆ ಹೇಳಿಲ್ಲ. ಅವಳಿಗೂ ಇನ್ನೂ ಹೇಳಿಲ್ಲ.