ಗ್ಯಾರೇಜಿನಲ್ಲಿ ಬರ್ಬಟ್

ವಾಲ್‌ನಟ್, ಲಾಸ್ ಏಂಜಲಿಸ್ ಪಕ್ಕ
21 ಜನವರಿ 2003

ಪ್ರೀತಿಯ ಪಂಕಜಾ,

ನಿನ್ನ ಮಂಡಿನೋವು ಹೇಗಿದೆ? ಮಗು ನಿದ್ದೆ ಮಾಡುತ್ತದೆಯೇ, ಇಲ್ಲ ಅದರಪ್ಪ ಅರವಿಂದನ ಹಾಗೆಯೇ ರಾತ್ರಿಯೆಲ್ಲ ನಿನ್ನನ್ನು ಕೂರಿಸಿಕೊಂಡಿರುತ್ತದೆಯೇ? ಇಲ್ಲಿಯ ಸುದ್ದಿಗೆ ಗಾಬರಿಯಾಗಬೇಡ. ಭಾನುವಾರ ಗ್ಯಾರೇಜಿನಲ್ಲೇ ಆಪರೇಷನ್ ಮುಗಿಯಿತು. ಕುತ್ತಿಗೆ ಸುತ್ತ ಕೊಯ್ದು, ಹೊಟ್ಟೆ ಬಿಚ್ಚಿ, ಒಳಗಿನದೆಲ್ಲ ತೆಗೆದದ್ದಾಯಿತು. ಅಳಿಯ ಗೋಪಿನಾಥ ಟಾರ್ಚ್ ಹಿಡಿದಿದ್ದ. ಮಗಳು ನಮ್ರತಾ ನೋಡಲಾರದೆ ಒಳಗೆ ಓಡಿದಳು.

ಅತ್ತುಬಿಟ್ಟೆಯಾ? ಕಣ್ಣೊರೆಸಿಕೋ. ಕೊಯ್ದವನು ನಾನು, ಕೊಯ್ಸಿಕೊಂಡದ್ದು ಮೀನು.

ಗೋಪಿನಾಥ ಆಫೀಸ್ ಕೆಲಸಕ್ಕೆ ಮಿನೆಸೋಟಾಕ್ಕೆ ಹೋಗಿದ್ದ. ಅಲ್ಲಿ ಕೆರೆ ಹೆಪ್ಪುಗಟ್ಟಿ, ಅದರ ಮೇಲೆ ಕಾರೇ ಓಡಾಡುತ್ತದಂತೆ. ಮಂಜುಗಡ್ಡೆಗೆ ತೂತು ಕೊರೆದು ಗಾಳ ಬಿಡುತ್ತಾರಂತೆ. ಈ ಬರ್ಬಟ್ ಎಂಬ ಮೀನು ಸಿಕ್ಕರೆ ಮಾತ್ರ ಯಾರಿಗೂ ಬೇಡ, ಅಲ್ಲೇ ಎಸೆದು ಹೋಗುತ್ತಾರಂತೆ. ನಮ್ಮ ಕುಂದಾಪುರದ ಹುಡುಗನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಎರಡನ್ನು ಐಸ್ ಬಾಕ್ಸಿನಲ್ಲಿಟ್ಟು ವಿಮಾನ ಹತ್ತಿಸಿದ. ಬರಬೇಡ ಅಂದರೂ ಬಂದ ಬರ್ಬಟ್! ಕಪ್ಪೆಯ ತಲೆ, ಹಾವಿನ ಮೈ, ಗಲ್ಲಕ್ಕೆ ಒಂದೇ ಮೀಸೆ. ಮೊಮ್ಮಗಳು “ಅಜ್ಜಾ, ಈಸ್ ದಟ್ ಎ ಸ್ನೇಕ್?” ಅಂದಳು. “ಅಲ್ಲ ಮಗಾ, ನಿನ್ನ ಅಜ್ಜಿಯ ಕಡೆ ನೆಂಟ” ಅಂದೆ.

ಮೊದಲನೆಯದನ್ನು ನಾನೇ ಕೆಡಿಸಿದೆ. ಊರಿನ ಮೀನೆಂದುಕೊಂಡು ಉಪ್ಪು ಹಾಕಿ ತಿಕ್ಕಿ, ಚರ್ಮದ ಸಮೇತ ಅಡ್ಡಡ್ಡ ತುಂಡು ಮಾಡಿ ಸಾರಿಗೆ ಹಾಕಿದೆ. ಚರ್ಮ ಸೈಕಲ್ ಟ್ಯೂಬಿನಂತಾಯಿತು. ಎರಡನೆಯದರ ಚರ್ಮವನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಕಾಲುಚೀಲದ ಹಾಗೆ ಬಂತು ನೋಡು! ಒಳಗೆ ಮಲ್ಲಿಗೆಯಂಥ ಮಾಂಸ. ಸಾರು ಕುದಿಯುವಾಗ ನಿನ್ನ ಮಾತು ಕಿವಿಯಲ್ಲಿ: “ಹ್ವಾಯ್, ಸೌಟ್ ಹಾಕ್ಬೇಡಿ, ಮೀನ್ ಪುಡಿ ಆತ್ತ್.” ಮಣ್ಣಿನ ಮಡಕೆಯಾದರೆ ಎರಡೂ ಕೈಯಲ್ಲಿ ಹಿಡಿದು ಕುಲುಕಿಸಬಹುದು. ಇಲ್ಲಿಯ ಬಾಣಲೆಗೆ ಒಂದೇ ಹಿಡಿ. ಅರ್ಧ ಸಾರು ಸ್ಟೋವ್ ಕುಡಿಯಿತು. “ಅಪ್ಪಾ, ನೀವು ಸುಮ್ನೆ ಒಂದ್ಕಡೆ ಕೂತ್ಕೊಳ್ಳಿ” ಎಂದು ನಮ್ರತಾ ಗದರಿದಳು.

ಆ ಕೂರುವುದೇ ನನ್ನಿಂದ ಆಗದು. ಕಿಟಕಿಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಕಿಟಕಿಗೆ ಸುತ್ತುತ್ತಿರುತ್ತೇನೆ. ಈ ವಾಲ್‌ನಟ್ಟಿನಲ್ಲಿ ವಾಲ್ ಮಕ್ಕಳದು, ಸಡಿಲಾದ ನಟ್ ನಾನು. ಬಾಣಂತನಕ್ಕೆ ನೀನು ಸ್ಯಾನ್ ಡಿಯಾಗೊದಲ್ಲಿ, ಮೊಮ್ಮಗಳನ್ನು ಶಾಲೆಯಿಂದ ಕರೆತರಲು ನಾನು ಇಲ್ಲಿ: ಮಕ್ಕಳು ನಮ್ಮನ್ನು ಚೆನ್ನಾಗಿಯೇ ಹಂಚಿಕೊಂಡರು. ಎರಡು ಗಂಟೆಯ ದಾರಿ. ಕೇಳಿದಾಗಲೆಲ್ಲ “ನೆಕ್ಸ್ಟ್ ವೀಕೆಂಡ್ ಹೋಗೋಣ ಅಪ್ಪಾ.” ದೀಪಾವಳಿಯಿಂದ ಆ ವೀಕೆಂಡ್ ಬಂದಿಲ್ಲ. ಸಾರನ್ನು ಎಲ್ಲರೂ ಹೊಗಳಿದರು, ಸೀಗಡಿಯಷ್ಟು ಸಿಹಿ ಅಂದರು. ನನಗೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯಲಿಲ್ಲ. ಬೈದು ಹೇಳುವವಳು ಎದುರಿಗಿರಲಿಲ್ಲ.

ಮಗ, ಸೊಸೆ ಇಬ್ಬರಿಗೂ ನನ್ನ ಆಶೀರ್ವಾದ, ಮಗುವಿನ ಕೆನ್ನೆಗೆ ಒಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಬೈಗುಳವಿಲ್ಲದೆ ಸೊರಗಿದ ನಿನ್ನ
ಚಂದ್ರಮೋಹನ

ಇನ್ನೊಂದು ಮಾತು: ಫೋನಿನಲ್ಲಿ ಹೇಳಿದರೆ ಅರವಿಂದ ಸ್ಪೀಕರ್ ಹಾಕುತ್ತಾನೆ, ಅದಕ್ಕೇ ಕಾಗದ. ನಿನ್ನೆ ಯಾರಿಗೂ ಹೇಳದೆ ಒಬ್ಬನೇ ಬಸ್ಸು ಹತ್ತಿ ಹೋಗಿ ಸ್ಯಾನ್ ಡಿಯಾಗೊ ರೈಲಿಗೆ ಟಿಕೆಟ್ ತೆಗೆದೆ. ಶನಿವಾರ ಬರುತ್ತೇನೆ. ವಾಪಸಿನದು ತೆಗೆದಿಲ್ಲ. ಇವತ್ತು ಹೇಳಿದರೆ ನಮ್ರತಾ ತಮಾಷೆ ಅಂದುಕೊಂಡು ನಕ್ಕಳು. ನೀನು ನಗಬೇಡ, ಬಾಗಿಲು ತೆಗೆ.