ಭಾರವಲ್ಲದ ಕೆಲಸ

ಮನೆ, ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣನಿಗೆ,

ನೀನೂ ಅತ್ತಿಗೆಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಬೆನ್ನುನೋವು ಕಡಿಮೆಯಾಯಿತೆ? ಅಪ್ಪ ಹಾಗೆಯೇ ಇದ್ದಾರೆ. ಎಡಗೈ, ಎಡಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ.

ನೀನು ಕಳುಹಿಸಿದ ವ್ಯಾಯಾಮದ ಪೆಡಲ್ ಯಂತ್ರ ತಲುಪಿತು. ಜೊತೆಗಿದ್ದ ಚೀಟಿಯನ್ನು ಅಮ್ಮನಿಗೆ ಓದಿ ಹೇಳಿದೆ: "ಅಮ್ಮಾ, ಇಡೀ ದಿನ ಕೂತಿದ್ರೆ ಮೈ ಹಿಡ್ಕೊಳ್ಳತ್ತೆ. ದಿನಾ ಸ್ವಲ್ಪ ತುಳಿ." ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆರೋಗ್ಯ ಕೇಂದ್ರದವರು ನಿನಗೆ ಕಳುಹಿಸಿದ ವರದಿಯಲ್ಲಿ 'ದೈಹಿಕ ಚಟುವಟಿಕೆ: ಅತ್ಯಲ್ಪ' ಎಂದಿರುವುದು ನಿಜ. ಅದು ಹೇಗೆ ಬಂತೆಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ.

ಪ್ರಶ್ನಾವಳಿ ಹಿಡಿದು ಬಂದ ಹುಡುಗಿ ಒಳ್ಳೆಯವಳು. ಅಪ್ಪನ ಮಂಚದ ಪಕ್ಕದಲ್ಲೇ ಕುಳಿತು, "ಅಜ್ಜೀ, ಹೋದ ವಾರ ವಾಕಿಂಗ್ ಹೋಗಿದ್ರಾ?" ಎಂದಳು. "ಎಲ್ಲಿಗೆ ಹೋಗ್ಲಿ ತಾಯಿ, ಮನೇಲೇ ಬಿದ್ದಿರ್ತೀನಿ." "ಭಾರ ಎತ್ತೋ ಕೆಲಸ ಏನಾದ್ರೂ?" "ಒಂದ್ನಿಮಿಷ ಇರಮ್ಮ" ಎಂದು ಅಮ್ಮ ಎದ್ದಳು. ಅಪ್ಪನನ್ನು ಹೊರಳಿಸುವ ಹೊತ್ತಾಗಿತ್ತು. ತೋಳಿನ ಕೆಳಗೆ ಕೈ ಕೊಟ್ಟು, ಮಂಡಿಯನ್ನು ಮಂಚಕ್ಕೆ ಒತ್ತಿ, ಅವರನ್ನು ಗೋಡೆಯ ಕಡೆಗೆ ತಿರುಗಿಸಿ, ಒದ್ದೆ ಹಾಸನ್ನು ಎಳೆದು ಬೇರೆಯದನ್ನು ಹಾಸಿದಳು. ನಾನು ಕೈ ಹಾಕಲು ಹೋದರೆ, "ನೀನು ಹಿಡಿದ್ರೆ ಅವರಿಗೆ ನೋವಾಗತ್ತೆ, ಸುಮ್ನಿರು" ಎಂದಳು. ಮತ್ತೆ ಕುಳಿತು, ಏದುಸಿರು ತಡೆದುಕೊಂಡು, ಉತ್ತರ ಬರೆಸಿದಳು: "ಭಾರ ಎತ್ತೋದಾ? ನಂಗ್ಯಾಕೆ ಅದೆಲ್ಲ? ಇಲ್ಲ ಅಂತ ಬರ್ಕೋ."

ಹುಡುಗಿ ನನ್ನ ಮುಖ ನೋಡಿದಳು. "ಅಮ್ಮಾ, ಈಗ ಮಾಡಿದ್ದೇನು?" ಎಂದೆ. "ನಿಮ್ಮಪ್ಪನ್ನ ಭಾರ ಅಂತ ಬರೆಸ್ಲಾ? ಅವರ ಕಿವಿ ಇನ್ನೂ ಚೆನ್ನಾಗಿದೆ ಕಣೋ" ಎಂದು ಪಿಸುಗುಟ್ಟಿದಳು. ಅಪ್ಪ ಗೋಡೆ ನೋಡುತ್ತಿದ್ದರು. ಉತ್ತರಿಸುವವರ ಮಾತನ್ನೇ ಬರೆಯಬೇಕೆಂಬುದು ಆರೋಗ್ಯ ಕೇಂದ್ರದ ನಿಯಮ. ಹುಡುಗಿ 'ಇಲ್ಲ' ಎಂದೇ ಗುರುತು ಹಾಕಿದಳು.

ತಕ್ಕಡಿಗಳನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ತಟ್ಟೆಯ ಮೇಲೆ ಇಡದಿದ್ದುದನ್ನು ಯಾವ ತಕ್ಕಡಿಯೂ ತೂಗದು; ಅದಕ್ಕಾಗಿ ತಕ್ಕಡಿಯನ್ನು ನಾನು ದೂರುವುದಿಲ್ಲ. ಆದರೆ ನೀನು ಅವಳ ಮಗ. ಅವಳನ್ನು ವರದಿಯಿಂದ ತಿಳಿಯಬೇಕಾದವನಲ್ಲ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬೆನ್ನನ್ನು ಜೋಪಾನವಾಗಿ ನೋಡಿಕೋ.

ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇಷ್ಟು. ಇಂದು ಬೆಳಿಗ್ಗೆಯಿಂದ ಅಮ್ಮನ ಬಲಗೈ ಭುಜದ ಮಟ್ಟಕ್ಕೂ ಏಳುತ್ತಿಲ್ಲ. ಭಾರ ಎತ್ತಲೇಕೂಡದೆಂದು ಡಾಕ್ಟರು ಹೇಳಿದ್ದಾರೆ. "ನಾನೆಲ್ಲಿ ಎತ್ತುತ್ತೀನಿ ಡಾಕ್ಟ್ರೇ?" ಎಂದು ಅವರಿಗೂ ಹೇಳಿದಳು. ಅವಳಿಲ್ಲದೆ ಅಪ್ಪನನ್ನು ಹೊರಳಿಸಲು ಇಬ್ಬರು ಬೇಕು, ನಾನೊಬ್ಬನಿದ್ದೇನೆ. ಯಂತ್ರವನ್ನು ನಾಳೆ ವಾಪಸು ಕಳುಹಿಸುತ್ತೇನೆ. ಅದು ಅಲ್ಲಿಗೆ ತಲುಪುವಷ್ಟರಲ್ಲಿ ನೀನು ಇಲ್ಲಿರಬೇಕು.