ಮೊದಲ ತುತ್ತು ನನ್ನದು

ಏಪ್ರಿಲ್ 14, ಸೋಮವಾರ
ಅನ್ನ, ಮಿಸೊ ಸಾರು, ನಮ್ಮ ತೊಯಾಮ ಕೊಲ್ಲಿಯ ಪುಟ್ಟ ಸ್ಕ್ವಿಡ್ ಮೀನು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಮುಖ್ಯೋಪಾಧ್ಯಾಯಿನಿ ತಿಂದು ನೋಡಬೇಕು — ನಿಯಮ. ನಾನು ಸರಿ ಎಂದರೆ ಊಟ ತರಗತಿಗಳಿಗೆ ಹೋಗುತ್ತದೆ. ಇಲ್ಲವಾದರೆ ಇಲ್ಲ. ತಿಂದೆ. ಎಲ್ಲ ಇಳಿಯಿತು. ಅನ್ನನಾಳದ ಆಪರೇಷನ್ ಆಗಿ ತಿಂಗಳೂ ತುಂಬಿಲ್ಲ!

ಅಡುಗೆಯ ನೆಜಿಮೆ ಬಾಗಿಲಲ್ಲೇ ನಿಂತಿದ್ದಳು. "ಏನ್ ಮೇಡಂ, ಬಟ್ಟಲು ತೊಳೆಯೋ ಕೆಲಸಾನೂ ನಂಗೆ ಉಳಿಸಿಲ್ವಲ್ಲ!"

ಹಾಳಾದ್ದು, ಕಣ್ಣು ತುಂಬಿ ಬಂತು.

ಏಪ್ರಿಲ್ 18
ಆಸ್ಪತ್ರೆ. ಡಾಕ್ಟರ್ ಸುಗಾನುಮ — ಬಾಯಿಂದ ಕ್ಯಾಮೆರಾ ಇಳಿಸಿ, ಅನ್ನನಾಳದ ತುದಿಯಲ್ಲಿ ಬಿಗಿದುಕೊಂಡಿದ್ದ ಸ್ನಾಯು ಕೊಯ್ದವನು. ಕೈ ಚಿನ್ನ. ಬಾಯಿ ಮಾತ್ರ...

"ನಿಮ್ಮ ನಾಳ ಸೊಟ್ಟಗಾಗಿದೆ. ಕಾಯಿಲೆ ಹಳೇದು. ಮುಂಚೆ ನಾಳ ಹಿಗ್ಗಿಸೋಕೆ ಬಲೂನ್ ಬೇರೆ ಹಾಕ್ಸಿದೀರಿ. ನಮ್ಮ ಲೆಕ್ಕದ ಪ್ರಕಾರ ಇಂಥವರಲ್ಲಿ ನೂರಕ್ಕೆ ನಲವತ್ತು ಜನಕ್ಕೆ ಮತ್ತೆ ಕಟ್ಕೊಳುತ್ತೆ."

"ಉಳಿದ ಅರವತ್ತು ಜನ?"

"ಚೆನ್ನಾಗಿರ್ತಾರೆ."

"ಹಾಗಾದ್ರೆ ನನ್ನ ಅಲ್ಲಿ ಸೇರಿಸ್ಕೊಳ್ಳಿ."

ನಕ್ಕ. ನಾನು ನಗಲಿಲ್ಲ. ಈ ಹುಡುಗ ಫೇಲಾಗುತ್ತಾನೆ ಎಂದು ಮೊದಲೇ ಹೇಳಲು ನನ್ನ ಶಾಲೆಯಲ್ಲಿ ಯಾವ ಟೀಚರಿಗೂ ಬಿಟ್ಟವಳಲ್ಲ. ನನ್ನ ಬಗ್ಗೆ ಹೇಳಲು ಇವನಿಗೆ ಬಿಡುತ್ತೇನೆಯೆ?

ಜುಲೈ 3
ಅನ್ನ ನಿಲ್ಲುತ್ತಿದೆ. ಎದೆಯ ನಡುವೆ. ನೀರು ಕುಡಿದು ತಳ್ಳಿದೆ. ಬೇಸಿಗೆ ಶುರುವಾಗಿದೆ, ಸೆಕೆಗಿರಬೇಕು.

ಸೆಪ್ಟೆಂಬರ್ 12
ಆಸ್ಪತ್ರೆ. ಅದೇ ಪ್ರಶ್ನೆಗಳು, ತೊಂದರೆ ಹೆಚ್ಚಿದ್ದಷ್ಟೂ ಹೆಚ್ಚು ಅಂಕ. ಊಟ ಸಿಕ್ಕಿಕೊಳ್ಳುತ್ತದೆಯೆ? ಆಗಾಗ, ಎಂದೆ. ಸುಳ್ಳು — ಪ್ರತಿ ಊಟಕ್ಕೂ. ತೂಕ ಇಳಿದಿದೆಯಲ್ಲ? ಬೇಸಿಗೆ ಅಲ್ವಾ, ಎಂದೆ. ಆ ನಲವತ್ತರಲ್ಲಿ ಒಬ್ಬಳಾಗುವುದಿಲ್ಲ. ಆಗುವುದಿಲ್ಲ ಅಂದರೆ ಇಲ್ಲ.

ಉಪಮುಖ್ಯೋಪಾಧ್ಯಾಯ ಹಿರೊಕಾವಾ, ರುಚಿ ನೋಡುವ ಕೆಲಸ ತಮಗೆ ಕೊಡಿ ಎಂದು ಮತ್ತೆ ಕೇಳಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮಕ್ಕಳ ಊಟಕ್ಕೆ ಮೊದಲ ತುತ್ತು ನನ್ನದು. ಅದನ್ನೂ ಬಿಟ್ಟರೆ ನಾನು ಬರೀ ರೋಗಿ.

ಅಕ್ಟೋಬರ್ 21
ಇವತ್ತು ಕರಿದ ಬ್ರೆಡ್, ಮೇಲೆ ಸೋಯಾ ಹಿಟ್ಟು, ಸಕ್ಕರೆ. ಮಕ್ಕಳು ವಾರದಿಂದ ಇದನ್ನೇ ಜಪಿಸುತ್ತಿದ್ದರು. ಎರಡನೇ ತುತ್ತು ನಿಂತಿತು. ನೀರು ಕುಡಿದೆ, ಅದೂ ನಿಂತಿತು. ಸಿಂಕಿಗೆ ಓಡಿದೆ. ಎಲ್ಲ ಹೊರಗೆ.

ಹಿರೊಕಾವಾ ನೋಡಿಬಿಟ್ಟರು. ರುಚಿ ನೋಡಿದವಳು ವಾಂತಿ ಮಾಡಿದರೆ ಬಡಿಸುವಂತಿಲ್ಲ. ಇಡೀ ಶಾಲೆಯ ಊಟ ನಿಂತಿತು.

ನೆಜಿಮೆಯ ಮುಖ ಬಿಳಿಚಿಕೊಂಡಿತ್ತು. "ಎಣ್ಣೆ ಹೊಸದು ಮೇಡಂ... ಇವತ್ತೇ ಡಬ್ಬ ಒಡೆದಿದ್ದು. ನನ್ನ ಕೈಯಡುಗೆ ತಿಂದು ಒಂದು ಮಗೂಗೂ ಹೊಟ್ಟೆ ಕೆಟ್ಟಿಲ್ಲ, ನಿಮಗೇ ಗೊತ್ತಲ್ಲ..."

ಆ ಮುಖ ನೋಡಲಾಗಲಿಲ್ಲ.

"ನಿನ್ನ ಬ್ರೆಡ್ ಚೆನ್ನಾಗೇ ಇದೆ ಕಣೇ. ಕೆಟ್ಟಿರೋದು ನನ್ನ ಅನ್ನನಾಳ. ಬೇಸಿಗೆಯಿಂದ್ಲೂ."

"ಬೇಸಿಗೆಯಿಂದ್ಲಾ!" ಸೌಟು ಕುಕ್ಕಿದಳು. "ಹಠ ನಿಮ್ದು, ಏಟು ನಮಗಾ?"

ಹಿರೊಕಾವಾ ತಿಂದು ನೋಡಿ ಸರಿ ಎಂದರು. ಊಟ ತಡವಾಗಿ ಹೋಯಿತು. ನಾನು ಮೈಕ್ ಮುಂದೆ ಕೂತೆ. ಊಟದಲ್ಲಿ ಏನೂ ದೋಷವಿಲ್ಲ, ನಿಮ್ಮ ಹೆಡ್‌ಮಿಸ್‌ಗೇ ನುಂಗಲು ಆಗುತ್ತಿಲ್ಲ ಎಂದು ಎಲ್ಲ ತರಗತಿಗಳಿಗೂ ಹೇಳಿದೆ. ದನಿ ನಡುಗಿತು. ನಡುಗಲಿ.

ಅಕ್ಟೋಬರ್ 24
ಸುಗಾನುಮನಿಗೆ ಎಲ್ಲ ಹೇಳಿದೆ. ಪ್ರತಿ ಊಟಕ್ಕೂ ನಿಲ್ಲುತ್ತದೆ. ಮಲಗಿದರೆ ಮೇಲೆ ಬರುತ್ತದೆ. ಅವನು ಅಂಕ ಕೂಡಿದ.

"ಮೊದ್ಲೇ ಹೇಳಿದ್ರೆ ಇಷ್ಟು ಸೊರಗ್ತಿರ್ಲಿಲ್ಲ ನೀವು."

"ಬೈದಿದ್ದಾಯ್ತಾ? ನಿಮ್ಮ ಲೆಕ್ಕ ಗೆದ್ದಿತು, ಬರ್ಕೊಳ್ಳಿ. ಈಗ ಹೇಳಿ, ಮತ್ತೆ ಕೊಯ್ಯೋಕಾಗುತ್ತಾ?"

"ನಾಳದ ಇನ್ನೊಂದು ಬದಿಯಿಂದ ಆಗುತ್ತೆ. ಆದ್ರೆ..."

"ಯಾವತ್ತು?"

ಡಿಸೆಂಬರ್ 2, ಬೆಳಿಗ್ಗೆ
ಆಸ್ಪತ್ರೆಯ ಮಂಚ. ಕಿಟಕಿಯಾಚೆ ಹಿಮ. ನೆಜಿಮೆಯ ಮೆಸೇಜ್ ಬಂತು: "ಹಿರೊಕಾವಾ ಸರ್ ಏನ್ ಕೊಟ್ರೂ ಚೆನ್ನಾಗಿದೆ ಅಂತಾರೆ. ಉಪ್ಪು ಕಮ್ಮಿ ಅಂತ ಜಗಳ ಆಡೋಕೆ ಒಬ್ರು ಬೇಕು. ಬೇಗ ಬನ್ನಿ."

ಸುಗಾನುಮ ಬಂದ. "ಎರಡನೇ ಸಲಕ್ಕೆ ನೂರಕ್ಕೆ..." ಎಂದು ಶುರು ಮಾಡಿದ. ಕೈ ಅಡ್ಡ ಹಿಡಿದೆ.

"ಈ ಸಲ ನೀವು ಹೇಳ್ಬೇಡಿ. ತಿಂದು ನೋಡಿ ನಾನೇ ಹೇಳ್ತೀನಿ. ನಿಜಾನೇ ಹೇಳ್ತೀನಿ."

ಸ್ಟ್ರೆಚರ್ ಬಂತು. ನರ್ಸ್ ಪೆನ್ನಿಗೆ ಕೈಚಾಚುತ್ತಿದ್ದಾಳೆ. ಒಂದು ನಿಮಿಷ ತಾಯಿ ಎಂದೆ. ಹಸಿವಾಗಿದೆ. ಭಯವೂ ಆಗಿದೆ. ಆದರೂ ಮೊದಲ ತುತ್ತು ನನ್ನ—